ಪೈಥಾನ್‌ನಲ್ಲಿ ಒಂದೇ ಥರದ ಎರಡು ಆಬ್ಜೆಕ್ಟ್‌ಗಳಿಗೆ == ಫಾಲ್ಸ್ ಕೊಡುವುದು ಯಾಕೆ?

ಬಿಂದು ಅಂತ ಒಂದು ಕ್ಲಾಸ್ ಬರೆದು, ಎರಡು ಆಬ್ಜೆಕ್ಟ್ ಮಾಡಿದ್ದೀರಿ. ಎರಡರಲ್ಲೂ ಎಕ್ಸ್ 3, ವೈ 4. ಆದರೂ == ಹಾಕಿದರೆ ಫಾಲ್ಸ್ ಬರುತ್ತಿದೆ, ಅಲ್ವಾ? ನೀವೇನೂ ಹೇಳದಿದ್ದರೆ ಪೈಥಾನ್ ಒಳಗಿನ ಬೆಲೆಗಳನ್ನು ನೋಡುವುದೇ ಇಲ್ಲ. ಎರಡೂ ಮೆಮೊರಿಯಲ್ಲಿರುವ ಅದೇ ಒಂದು ಆಬ್ಜೆಕ್ಟಾ ಅಂತ ಮಾತ್ರ ನೋಡುತ್ತದೆ.

ಬೆಲೆಗಳನ್ನೇ ಹೋಲಿಸಬೇಕೆಂದರೆ, == ಹಾಕಿದಾಗ ಪೈಥಾನ್ ಕರೆಯುವ __ಈಕ್ಯೂ__ ಮೆಥಡ್ ಅನ್ನು ಕ್ಲಾಸಿನೊಳಗೆ ಬರೆಯಿರಿ. ಮೊದಲು ಎದುರಿನದ್ದೂ ಬಿಂದುವೇನಾ ಅಂತ ಈಸ್‌ಇನ್‌ಸ್ಟನ್ಸ್‌ನಿಂದ ನೋಡಿ. ಹೌದಾದರೆ ಎಕ್ಸ್‌ಗೆ ಎಕ್ಸ್, ವೈಗೆ ವೈ ಹೋಲಿಸಿ. ಅಲ್ಲದಿದ್ದರೆ ಸುಮ್ನೆ ಫಾಲ್ಸ್ ಕೊಡಬೇಡಿ, ನಾಟ್‌ಇಂಪ್ಲಿಮೆಂಟೆಡ್ ರಿಟರ್ನ್ ಮಾಡಿ. ಆಗ ಪೈಥಾನ್ ಎದುರಿನ ಆಬ್ಜೆಕ್ಟನ್ನೂ ಒಮ್ಮೆ ಕೇಳುತ್ತದೆ. ಅದಕ್ಕೂ ಗೊತ್ತಿಲ್ಲದಿದ್ದರೆ ಕೊನೆಗೆ ಫಾಲ್ಸೇ ಬರುತ್ತದೆ. ಪೈಥಾನ್ 3ರಲ್ಲಿ !=ಗೆ ಬೇರೆ ಮೆಥಡ್ ಬರೆಯಬೇಕಿಲ್ಲ.

ಜಾಸ್ತಿ ಜನ ಎಡವುವುದು ಇದರ ನಂತರ. ನಾನೂ ಒಂದು ಸಂಜೆಯೆಲ್ಲ ಇದಕ್ಕೇ ಕಳೆದಿದ್ದೇನೆ. __ಈಕ್ಯೂ__ ಮಾತ್ರ ಬರೆದರೆ ಆ ಕ್ಲಾಸಿನ __ಹ್ಯಾಶ್__ (ಆಬ್ಜೆಕ್ಟನ್ನು ಬೇಗ ಹುಡುಕಲು ಬಳಸುವ ಸಂಖ್ಯೆ, ಅಂದರೆ ಹ್ಯಾಶ್, ಕೊಡುವ ಮೆಥಡ್) 'ನನ್' ಆಗಿಬಿಡುತ್ತದೆ, ಅಂದರೆ ಇಲ್ಲವಾಗುತ್ತದೆ. ನಿನ್ನೆವರೆಗೆ ಸೆಟ್‌ಗೆ (ಒಂದೇ ಬೆಲೆ ಎರಡು ಸಲ ಇರದ ಸಂಗ್ರಹಕ್ಕೆ) ಹೋಗುತ್ತಿದ್ದ ಬಿಂದು ಇವತ್ತು 'ಅನ್‌ಹ್ಯಾಶಬಲ್ ಟೈಪ್' ಅನ್ನುತ್ತದೆ. ಹಾಗಾಗಿ __ಹ್ಯಾಶ್__ ಅನ್ನೂ ನೀವೇ ಬರೆಯಿರಿ: ಅದರಲ್ಲಿ ಅದೇ ಎಕ್ಸ್, ವೈಗಳ ಟ್ಯೂಪಲ್ (ಬದಲಾಯಿಸಲಾಗದ ಪಟ್ಟಿ) ಮಾಡಿ, ಅದರ ಹ್ಯಾಶ್ ರಿಟರ್ನ್ ಮಾಡಿ. ಸಮ ಎನಿಸುವ ಎರಡು ಆಬ್ಜೆಕ್ಟ್‌ಗಳ ಹ್ಯಾಶ್ ಒಂದೇ ಇರಲೇಬೇಕು. ಸೆಟ್‌ಗೆ ಹಾಕಿದ ಮೇಲೆ ಎಕ್ಸ್, ವೈ ಬದಲಾಯಿಸಬೇಡಿ. ಬದಲಾಯಿಸಿದರೆ ಸೆಟ್‌ನೊಳಗೇ ಇರುವ ಬಿಂದು ಹುಡುಕಿದರೂ ಸಿಗದೆ ಹೋಗಬಹುದು.

ಇಷ್ಟೆಲ್ಲ ಕೈಯಲ್ಲಿ ಬರೆಯುವುದು ಬೇಡವೆಂದರೆ ಪೈಥಾನ್ 3.7ರಿಂದ ಡೇಟಾಕ್ಲಾಸ್ (ಇಂಥ ಮೆಥಡ್‌ಗಳನ್ನು ತಾನೇ ಬರೆದುಕೊಡುವ ಸೌಲಭ್ಯ) ಇದೆ. ಅದರಲ್ಲಿ ಬೆಲೆ ಬದಲಾಗದಂತೆ ತಡೆಯುವ ಫ್ರೋಜನ್ ಅನ್ನು ಟ್ರೂ ಮಾಡಿದರೆ ಹೋಲಿಕೆ, ಹ್ಯಾಶ್ ಎರಡೂ ಸಿಗುತ್ತವೆ. ಇಂಥ ಚಿಕ್ಕ ಕ್ಲಾಸ್‌ಗಳಿಗೆ ನಾನು ಅದನ್ನೇ ಬಳಸುತ್ತೇನೆ.