ಮೀನಿನ ಕಣ್ಣಿನ ನರ ಮತ್ತೆ ಬೆಳೆಯುತ್ತದೆ, ನಮ್ಮದು ಯಾಕಿಲ್ಲ?

ಪ್ರಶ್ನೆ: ಕಣ್ಣಿನ ನರ ತುಂಡಾದರೂ ಮೀನಿಗೆ ಮತ್ತೆ ಕಣ್ಣು ಕಾಣುತ್ತದಂತೆ. ಅದಕ್ಕೆ ಕಾರಣವಾದ ಜೀನ್ ಯಾವುದು? ಅದನ್ನೇ ಮನುಷ್ಯರಿಗೆ ಹಾಕಿದರೆ ಆಯ್ತಲ್ವಾ?

ಅಂಥ ಒಂದು ಜೀನ್ ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಬೇಕಾದ ಜೀನ್‌ಗಳಲ್ಲಿ ಹೆಚ್ಚಿನವು ನಮ್ಮಲ್ಲೂ ಇವೆ. ಕೇಳಬೇಕಾದ್ದು ಅವನ್ನು ಯಾರು, ಯಾವಾಗ ಎಬ್ಬಿಸುತ್ತಾರೆ ಅಂತ.

ಜಿಎಪಿ-43 ಜೀನ್ ನೋಡಿ. ನರದ ಎಳೆ ಬೆಳೆಯುವಾಗ ಇದು ಕೆಲಸಕ್ಕಿಳಿಯುತ್ತದೆ. ಮೀನಿಗೂ ಇದೆ, ಇಲಿಗೂ ಇದೆ, ನಿಮಗೂ ಇದೆ. ಅದನ್ನು ಎಬ್ಬಿಸುವುದು, ಮಲಗಿಸುವುದು ಪಕ್ಕದಲ್ಲಿರುವ ಪ್ರೊಮೋಟರ್ ಎಂಬ ಡಿಎನ್‌ಎ ತುಣುಕು. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಯ ಪ್ರೊಮೋಟರ್‌ನಿಂದ ಸುಮಾರು 1,000 ಅಕ್ಷರಗಳ ತುಣುಕು ತೆಗೆದುಕೊಂಡರು. ಅದಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಜೋಡಿಸಿ ಜೀಬ್ರಾಫಿಶ್‌ಗೆ ಸೇರಿಸಿದರು. ಮರಿಯಲ್ಲಿ ನರ ಬೆಳೆಯುವಾಗ ಹಸಿರು ಹೊಳೆಯಿತು, ಬೆಳೆದ ಮೇಲೆ ಆರಿತು. ಆದರೆ ದೊಡ್ಡ ಮೀನಿನ ಕಣ್ಣಿನ ನರಕ್ಕೆ ಪೆಟ್ಟಾಗಿ ಅದು ಮತ್ತೆ ಬೆಳೆಯುವಾಗ ಹಸಿರು ಬರಲೇ ಇಲ್ಲ! 2008ರಲ್ಲಿ ಫುಗು ಮೀನಿನ ಇದೇ ಜೀನ್‌ನ ಪಕ್ಕದ ಸುಮಾರು 3,600 ಅಕ್ಷರಗಳ ತುಣುಕು ಹಾಕಿದಾಗ ಎರಡೂ ಹೊತ್ತಿನಲ್ಲಿ ಹೊಳೆಯಿತು. ಅಂದರೆ ಮೊದಲ ಸಲ ಬೆಳೆಯಲು ಬರುವ ಸೂಚನೆಯೇ ಬೇರೆ, ಪೆಟ್ಟಾದ ಮೇಲೆ ಬರುವ ಸೂಚನೆಯೇ ಬೇರೆ. ‘ಕೋಶವನ್ನು ಭ್ರೂಣದ ಸ್ಥಿತಿಗೆ ಮರಳಿಸಿದರೆ ಸಾಕು’ ಎನ್ನುವವರು ಮೊದಲು ಇದನ್ನು ಅರ್ಥ ಮಾಡಿಕೊಳ್ಳಲಿ.

ಸರದಿಯೂ ಅಷ್ಟೇ ಮುಖ್ಯ. ಮೊದಲು ಎಳೆ ಚಿಗುರಬೇಕು. ಬೇರೆ ಜೀನ್‌ಗಳನ್ನು ನಿಯಂತ್ರಿಸುವ ಕೆಎಲ್‌ಎಫ್6ಎ, ಕೆಎಲ್‌ಎಫ್7ಎ ಎಂಬ ಪ್ರೋಟೀನ್‌ಗಳೆರಡನ್ನೂ ತಗ್ಗಿಸಿದರೆ ಅದೇ ಸೊರಗುತ್ತದೆ. ಜೀಬ್ರಾಫಿಶ್‌ನಲ್ಲಿ ಎಳೆಗಳು ಸುಮಾರು ಒಂದು ವಾರದೊಳಗೆ ಮಿದುಳು ಮುಟ್ಟುತ್ತವೆ. ಆಮೇಲೆ ಸರಿಯಾದ ಜಾಗ ಹಿಡಿಯಬೇಕು, ಸಂಪರ್ಕ ಕೂಡಿಸಬೇಕು. ಒಂದೊಂದು ಹಂತಕ್ಕೂ ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನ್‌ಗಳ ತಂಡ ಬದಲಾಗುತ್ತದೆ.

ಇಲಿಯ ಕಥೆ ಬೇರೆ. ನರಕ್ಕೆ ಪೆಟ್ಟಾದರೆ ಕೆಲವೇ ವಾರಗಳಲ್ಲಿ ಎಳೆ ಬಿಡಬೇಕಾದ ಕೋಶಗಳೇ ಬಹುಪಾಲು ಸಾಯುತ್ತವೆ. ಸತ್ತ ಕೋಶದಲ್ಲಿ ಯಾವ ಜೀನ್ ಎಬ್ಬಿಸುತ್ತೀರಿ? ಬದುಕುಳಿದವನ್ನೂ ಅದೇ ಕುಟುಂಬದ ಕೆಎಲ್‌ಎಫ್4 ಎಂಬ ಪ್ರೋಟೀನ್ ತಡೆದು ನಿಲ್ಲಿಸುತ್ತದೆ. ಅದನ್ನು ತೆಗೆದರೆ ಎಳೆ ಜಾಸ್ತಿ ಬೆಳೆಯುತ್ತದೆ ಎಂದು 2009ರಲ್ಲಿ ತೋರಿಸಿದ್ದಾರೆ. ಅದು ದೊಡ್ಡ ಹೆಜ್ಜೆ. ಆದರೆ ಎಳೆ ಬೆಳೆದ ಮಾತ್ರಕ್ಕೆ ಕಣ್ಣು ಕಾಣುವುದಿಲ್ಲ.

ಪ್ರಶ್ನೆ: ಮೀನಿನ ಕಣ್ಣು, ಮೀನೆಣ್ಣೆ ತಿಂದರೆ ನರ ಚಿಗುರುತ್ತದೆಯೇ?

ಇಲ್ಲ. ರುಚಿಗೆ ತಿನ್ನಿ.

ಪ್ರಶ್ನೆ: ಮೀನಿನ ರೆಟಿನಾ ಮತ್ತೆ ಬೆಳೆಯುವುದೂ ಇದೇನಾ?

ಅಲ್ಲ. ಅಲ್ಲಿ ಮುಲ್ಲರ್ ಗ್ಲಿಯಾ ಎಂಬ ರೆಟಿನಾದ ಆಸರೆ ಕೋಶ ಹೊಸ ಕೋಶ ಹುಟ್ಟಿಸುತ್ತದೆ. ಇಲ್ಲಿ ಹಳೆಯ ಕೋಶವೇ ಹೊಸ ಎಳೆ ಬಿಡುತ್ತದೆ.

ಪ್ರಶ್ನೆ: ಅಪ್ಪನಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ). ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ನರ ಮತ್ತೆ ಬೆಳೆಸುತ್ತೇವೆ, ಡ್ರಾಪ್ಸ್ ನಿಲ್ಲಿಸಿ ಎನ್ನುತ್ತಿದ್ದಾರೆ. ಮಾಡಿಸೋಣವೇ?

ದಯವಿಟ್ಟು ಬೇಡ. ಅಮೆರಿಕದ ಫ್ಲೋರಿಡಾದಲ್ಲಿ ಮೂವರು ಮಹಿಳೆಯರು ಬೇರೊಂದು ಕಣ್ಣಿನ ಕಾಯಿಲೆಗೆ ಹೀಗೇ ನಂಬಿ ಎರಡೂ ಕಣ್ಣಿಗೆ ಕೊಬ್ಬಿನಿಂದ ತೆಗೆದ ಕೋಶ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡರು. 2017ರಲ್ಲಿ ವೈದ್ಯರೇ ಅದನ್ನು ವರದಿ ಮಾಡಿದರು. ಡ್ರಾಪ್ಸ್ ನಿಲ್ಲಿಸಿ ಎನ್ನುವವರ ಬಾಗಿಲು ಮತ್ತೆ ತುಳಿಯಬೇಡಿ. ಹೋದ ನರವನ್ನು ತರುವ ಚಿಕಿತ್ಸೆ ಇವತ್ತು ಯಾರ ಹತ್ತಿರವೂ ಇಲ್ಲ. ಕಣ್ಣಿನ ಒತ್ತಡ ತಗ್ಗಿಸಿ ಉಳಿದದ್ದನ್ನು ಕಾಯುವ ಡ್ರಾಪ್ಸ್ ಇದೆ. ಇವತ್ತು ರಾತ್ರಿಯದ್ದು ಹಾಕಿದರೋ ಇಲ್ಲವೋ, ಅಪ್ಪನನ್ನು ಕೇಳಿ.