ಓದುಗರ ಪ್ರಶ್ನೆ: ರಾತ್ರಿಯ ಡಬ್ಬಿ, ಬೆಳಗಿನ ಉಪವಾಸ

ಪ್ರಶ್ನೆ: ನನಗೆ 36 ವರ್ಷ. ಕಳೆದ ವರ್ಷ ನಾಲ್ಕು ತಿಂಗಳು ಕಟ್ಟುನಿಟ್ಟಿನ ಪಥ್ಯ ಮಾಡಿ 11 ಕೆ.ಜಿ. ಇಳಿಸಿದ್ದೆ. ಸಿಹಿ, ಕರಿದ ತಿಂಡಿ, ರಾತ್ರಿಯ ಊಟ ಎಲ್ಲವನ್ನೂ ಬಿಟ್ಟಿದ್ದೆ. ಈಗ ಅಷ್ಟೂ ತೂಕ ಮರಳಿ ಬಂದಿದೆ, ಮೇಲೆ ಎರಡು ಕೆ.ಜಿ. ಸೇರಿದೆ. ಅದಕ್ಕಿಂತ ಹೆಚ್ಚು ಕಾಡುವ ಸಂಗತಿ ಬೇರೆ. ಹಗಲೆಲ್ಲ ಹಿಡಿತದಲ್ಲಿರುವ ನಾನು, ಮನೆಯವರು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಸಿಹಿಯ ಡಬ್ಬಿ ಖಾಲಿ ಮಾಡುತ್ತೇನೆ. ಮರುದಿನ ಪ್ರಾಯಶ್ಚಿತ್ತವೆಂಬಂತೆ ಮಧ್ಯಾಹ್ನದವರೆಗೆ ಏನನ್ನೂ ತಿನ್ನುವುದಿಲ್ಲ. ನನಗೆ ಮನೋಬಲವೇ ಇಲ್ಲವೇ?

ಉತ್ತರ: ನಾಲ್ಕು ತಿಂಗಳು ರಾತ್ರಿಯ ಊಟವನ್ನೇ ಬಿಟ್ಟಿದ್ದವರಿಗೆ ಮನೋಬಲವಿಲ್ಲವೆಂದು ನಾನು ಹೇಗೆ ಹೇಳಲಿ? ಇದ್ದ ಬಲವನ್ನೆಲ್ಲ ನೀವು ಹಸಿವಿನ ಎದುರು ಕಾವಲಿಗೆ ನಿಲ್ಲಿಸಿದಿರಿ. ಹಗಲು ಪೂರ್ತಿ ನಿಂತ ಕಾವಲುಗಾರ ರಾತ್ರಿ ತೂಕಡಿಸಿದ, ಅಷ್ಟೆ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಮರುದಿನದ ಉಪವಾಸದ ಸಾಲನ್ನು. ಹಿಂದಿನ ರಾತ್ರಿಗೆ ನೀವು ವಿಧಿಸಿಕೊಳ್ಳುವ ಶಿಕ್ಷೆಯೇ ಮುಂದಿನ ರಾತ್ರಿಗೆ ದಾರಿ ಮಾಡಿಕೊಡುತ್ತಿದೆ.

1944–45ರಲ್ಲಿ, ಮಹಾಯುದ್ಧ ಮುಗಿಯುವ ಹೊತ್ತಿಗೆ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವಇಚ್ಛೆಯಿಂದ ಮುಂದೆ ಬಂದ 36 ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ದಿನಕ್ಕೆ ಸಿಗುತ್ತಿದ್ದುದು ಸುಮಾರು 1,600 ಕ್ಯಾಲೊರಿ; ಇಂದು ಕೈಯಿಂದ ಕೈಗೆ ಹರಿದಾಡುವ ಎಷ್ಟೋ ಪಥ್ಯದ ಪಟ್ಟಿಗಳು ಇದಕ್ಕಿಂತ ಜಿಪುಣ. ದೇಹ, ಮನಸ್ಸು ಎರಡೂ ಗಟ್ಟಿಯಿದ್ದವರೆಂದು ನೋಡಿಯೇ ಆರಿಸಿದ್ದ ಆ ಯುವಕರು ತಮ್ಮ ತೂಕದ ಕಾಲು ಭಾಗದಷ್ಟನ್ನು ಕಳೆದುಕೊಂಡರು. ಜೊತೆಗೆ ಹಗಲಿರುಳು ಆಹಾರದ ಧ್ಯಾನಕ್ಕೆ ಬಿದ್ದರು, ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಮತ್ತೆ ಹೊಟ್ಟೆ ತುಂಬ ಉಣ್ಣಲು ಬಿಟ್ಟ ಮೇಲೂ ಹಲವರಿಗೆ ಸಾಕೆನಿಸುವುದು ಬಹುಕಾಲ ಮರಳಲಿಲ್ಲ.

ಬರಗಾಲವೋ ಪಥ್ಯವೋ, ದೇಹಕ್ಕೆ ಎರಡೂ ಒಂದೇ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ಮೆದುಳಿಗೆ ದಾಸ್ತಾನಿನ ಲೆಕ್ಕ ಒಪ್ಪಿಸುತ್ತವೆಂಬುದು 1994ರಲ್ಲಿ ಬೆಳಕಿಗೆ ಬಂತು. ದಾಸ್ತಾನು ಕರಗಿದಂತೆ ಲೆಪ್ಟಿನ್ ತಗ್ಗುತ್ತದೆ, ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕ ಇಳಿಸಿದವರನ್ನು ಒಂದು ವರ್ಷದ ನಂತರ ಪರೀಕ್ಷಿಸಿದಾಗಲೂ ಈ ಏರುಪೇರು ಉಳಿದೇ ಇತ್ತು. ನೀವು ಸೋಲೆಂದು ಕರೆಯುತ್ತಿರುವುದರಲ್ಲಿ ದೊಡ್ಡ ಪಾಲು ಇದೇ.

ಆದ್ದರಿಂದ ಮೊದಲ ಆರು ವಾರ ತೂಕ ಇಳಿಸುವ ಕೆಲಸವನ್ನೇ ಬದಿಗಿಡಿ. ಈ ಸಲಹೆ ನಿಮಗೆ ಹಿಡಿಸಲಾರದು, ಗೊತ್ತು. ಆ ಅವಧಿಯಲ್ಲಿ ಮೂರು ಹೊತ್ತು ನಿಗದಿತ ಸಮಯಕ್ಕೆ ಕುಳಿತು ಉಣ್ಣಿ, ಎರಡು ಊಟಗಳ ನಡುವೆ ಅಂತರ ಹೆಚ್ಚಾದರೆ ಏನಾದರೂ ಸಣ್ಣ ತಿಂಡಿ ತಿನ್ನಿ, ರಾತ್ರಿ ಏನೇ ನಡೆದಿದ್ದರೂ ಬೆಳಗಿನ ಉಪಾಹಾರವನ್ನು ಮಾತ್ರ ತಪ್ಪಿಸಬೇಡಿ. ಸಿಹಿಯನ್ನು ನಿಷೇಧದ ಪಟ್ಟಿಯಿಂದ ತೆಗೆದು ಊಟದ ಭಾಗವಾಗಿಸಿ: ಹಗಲಿನಲ್ಲಿ, ತಟ್ಟೆಯಲ್ಲಿ ಬಡಿಸಿಕೊಂಡು, ಮನೆಯವರ ಎದುರಿಗೇ ತಿನ್ನಿ. ಬೇಕಾದಾಗ ಸಿಗುತ್ತದೆಂಬ ಭರವಸೆ ಹುಟ್ಟಿದ ಮೇಲೆ ರಾತ್ರಿಯ ಡಬ್ಬಿಯ ಸೆಳೆತ ಬಹುಮಂದಿಯಲ್ಲಿ ನಿಧಾನವಾಗಿ ಸಡಿಲಗೊಳ್ಳುತ್ತದೆ.

ಊಟ ಹದಕ್ಕೆ ಬಂದ ಮೇಲೆ ದಿನಕ್ಕೆ 300ರಿಂದ 500 ಕ್ಯಾಲೊರಿಯಷ್ಟು ಮಾತ್ರ ತಗ್ಗಿಸಿ. ತಟ್ಟೆಯ ಅರ್ಧ ತರಕಾರಿ, ಪ್ರತಿ ಊಟದಲ್ಲೂ ಸಾಕಷ್ಟು ಪ್ರೋಟೀನು ಇದ್ದರೆ ಈ ಇಳಿಕೆ ಹೆಚ್ಚು ಬಾಧಿಸದು. ವಾರಕ್ಕೆ ಅರ್ಧ ಕೆ.ಜಿ. ಇಳಿದರೂ ಅದು ಒಳ್ಳೆಯ ವೇಗ. ಇಳಿಯದ ವಾರಗಳೂ ಬರುತ್ತವೆ. ತೂಕದ ಶೇ 5ರಿಂದ 10ರಷ್ಟು ಇಳಿದರೆ ರಕ್ತದೊತ್ತಡ, ಸಕ್ಕರೆಯ ಅಂಶಗಳು ಸುಧಾರಿಸುವುದು ಸಾಮಾನ್ಯ; 11 ಕೆ.ಜಿ.ಯ ಹಟ ಬೇಕಿಲ್ಲ. ವ್ಯಾಯಾಮದಿಂದ ತೂಕ ಇಳಿಯುವುದು ನಾವು ಎಣಿಸಿದ್ದಕ್ಕಿಂತ ಕಡಿಮೆ, ಆದರೆ ಇಳಿದದ್ದನ್ನು ಉಳಿಸಿಕೊಳ್ಳಲು ಅದರ ನೆರವು ದೊಡ್ಡದು. ತಿಂದದ್ದಕ್ಕೆ ದಂಡ ಕಟ್ಟುವ ಹಾಗೆ ಓಡುವುದು ಮಾತ್ರ ಬೇಡ.

ಇನ್ನೊಂದು ಮಾತು. ಹಿಡಿತ ತಪ್ಪಿ ಅತಿಯಾಗಿ ತಿನ್ನುವುದು ವಾರಕ್ಕೊಮ್ಮೆಯಾದರೂ ನಡೆದು, ಮೂರು ತಿಂಗಳು ಮುಂದುವರಿದು, ಸಂಕಟ ತರುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆಯೆಂದೇ ಪರಿಗಣಿಸುತ್ತಾರೆ. ಅದಕ್ಕೆ ಆಪ್ತಸಮಾಲೋಚನೆ ಸೇರಿದಂತೆ ಪರಿಣಾಮಕಾರಿ ಚಿಕಿತ್ಸೆಯಿದೆ. ನಿಮ್ಮ ವಿವರಣೆ ಅದಕ್ಕೆ ಹತ್ತಿರವಿರುವುದರಿಂದ ಮನೋವೈದ್ಯರನ್ನೋ ಚಿಕಿತ್ಸಾ ಮನಃಶಾಸ್ತ್ರಜ್ಞರನ್ನೋ ಒಮ್ಮೆ ಕಾಣಿ. ಹಾಗೆ ಕಾಣುವ ತನಕ ಹೊಸ ಪಥ್ಯ ಯಾವುದನ್ನೂ ಆರಂಭಿಸಬೇಡಿ.

ಪ್ರಶ್ನೆ: ಮೊದಲ ವಾರದಲ್ಲಿ ಮೂರು ಕೆ.ಜಿ. ಇಳಿದು ಸಂತೋಷಪಟ್ಟಿದ್ದೆ. ನಿನ್ನೆ ಒಂದು ಭರ್ಜರಿ ಊಟ ಮಾಡಿದ್ದಕ್ಕೆ ಇಂದು ಒಂದೂವರೆ ಕೆ.ಜಿ. ಹೆಚ್ಚು ತೋರಿಸುತ್ತಿದೆ. ಇದು ನಿಜವೇ?

ಉತ್ತರ: ತಕ್ಕಡಿ ಸುಳ್ಳು ಹೇಳಿಲ್ಲ, ಆದರೆ ಅದು ತೂಗುತ್ತಿರುವುದು ಬಹುಪಾಲು ನೀರನ್ನು. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಶೇಖರವಾಗುವ ಗ್ಲೈಕೋಜನ್ ಎಂಬ ಪಿಷ್ಟ, ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಥ್ಯದ ಮೊದಲ ದಿನಗಳಲ್ಲಿ ಅದು ಬರಿದಾಗಿ ನೀರೂ ಹೋಗುತ್ತದೆ, ಒಂದು ತುಂಬು ಊಟಕ್ಕೆ ಮರಳಿ ಬರುತ್ತದೆ. ಉಪ್ಪೂ ಒಂದಷ್ಟು ನೀರನ್ನು ತಡೆಯುತ್ತದೆ. ಒಂದು ಕೆ.ಜಿ. ಕೊಬ್ಬು ಸುಮಾರು 7,700 ಕ್ಯಾಲೊರಿಗೆ ಸಮ, ಅಷ್ಟನ್ನು ಅಗತ್ಯಕ್ಕಿಂತ ಹೆಚ್ಚಾಗಿ ಒಂದೇ ಊಟದಲ್ಲಿ ತಿನ್ನಲು ಸಾಧ್ಯವಿಲ್ಲವೆಂದೇ ಹೇಳಬಹುದು. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ, ನಾಲ್ಕಾರು ವಾರಗಳ ಸರಾಸರಿ ನೋಡಿ. ಅಂಕಿಯನ್ನು ಕಂಡು ಇಡೀ ದಿನದ ಮನಸ್ಸು ಕೆಡುವುದಾದರೆ ತಕ್ಕಡಿಯನ್ನು ಅಟ್ಟಕ್ಕೆ ಹಾಕಿದರೂ ನಷ್ಟವಿಲ್ಲ.

ಪ್ರಶ್ನೆ: ನನ್ನ 14 ವರ್ಷದ ಮಗಳು ತಾನು ದಪ್ಪವೆಂದು ಹೇಳಿ ಊಟ ಬಿಡುತ್ತಿದ್ದಾಳೆ. ಅವಳ ತೂಕ ಸ್ವಲ್ಪ ಹೆಚ್ಚಿರುವುದೂ ನಿಜ. ಪ್ರೋತ್ಸಾಹಿಸಲೇ, ತಡೆಯಲೇ?

ಉತ್ತರ: ಊಟ ಬಿಡುವುದನ್ನು ತಡೆಯಿರಿ, ಆದರೆ ವಾದ ಮಾಡಿ ಅಲ್ಲ. ಎತ್ತರವೂ ಮೂಳೆಯೂ ಬೆಳೆಯುವ ಈ ವಯಸ್ಸಿನಲ್ಲಿ ಮಕ್ಕಳಿಗೆ ತೂಕ ಇಳಿಸುವ ಪಥ್ಯವನ್ನು ವೈದ್ಯರ ನಿಗಾ ಇಲ್ಲದೆ ಮಾಡಿಸಬಾರದು. ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆಯಿರಲಿ, ಅವಳಿಗೆಂದು ಬೇರೆ ತಟ್ಟೆ ಬೇಡ, ದಿನಕ್ಕೊಮ್ಮೆಯಾದರೂ ಎಲ್ಲರೂ ಜೊತೆಗೆ ಉಣ್ಣಿ. ಅವಳ ತೂಕದ ಬಗ್ಗೆ ಮಾತ್ರವಲ್ಲ, ನಿಮ್ಮ ತೂಕದ ಬಗ್ಗೆಯೂ ಅವಳೆದುರು ಗೊಣಗಬೇಡಿ. ತಾಯಿ ಕನ್ನಡಿಯ ಮುಂದೆ ಆಡಿದ ಮಾತನ್ನು ಮಗಳು ಬೇಗ ಕಲಿಯುತ್ತಾಳೆ. ಮುಟ್ಟು ನಿಂತರೆ, ತಲೆಸುತ್ತು ಬಂದರೆ, ಊಟವಾದೊಡನೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಕಂಡರೆ, ನೋಡಲು ದಪ್ಪಗೇ ಇದ್ದಾಳಲ್ಲ ಎಂದು ಸುಮ್ಮನಿರದೆ ಆ ವಾರವೇ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆಹಾರ ಸೇವನೆಯ ಕಾಯಿಲೆಗಳು ಯಾವ ತೂಕದವರಿಗೂ ಬರಬಹುದು.