ತೋಟ ಮಾರಾಟವಾದರೆ ಗ್ರ್ಯಾಚುಟಿ ಯಾರು ಕೊಡಬೇಕು?

ಪ್ರಶ್ನೆ: ನನ್ನ ತಾಯಿ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ 2003ರ ಜುಲೈಯಿಂದ 2025ರ ಮಾರ್ಚ್‌ವರೆಗೆ ಕಾಯಂ ಕೆಲಸಗಾರರಾಗಿದ್ದರು. 2021ರಲ್ಲಿ ತೋಟ ಮಾರಾಟವಾಯಿತು, ಆದರೆ ಅವರ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಬಿಡುವಾಗ ದಿನಗೂಲಿ 460 ರೂಪಾಯಿ ಇತ್ತು. ತೋಟದ ರೈಟರು (ಲೆಕ್ಕ ಬರೆಯುವ ಗುಮಾಸ್ತರು) 20,000 ರೂಪಾಯಿ ಕೊಟ್ಟು ‘ಲೆಕ್ಕ ಚುಕ್ತಾ’ ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಗ್ರ್ಯಾಚುಟಿ, ಅಂದರೆ ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಸಲ್ಲುವ ಇಡಿಗಂಟು, ಕೇಳಿದರೆ ಹೊಸ ಮಾಲೀಕರು ‘ನಮ್ಮ ಕೈಕೆಳಗೆ ಐದು ವರ್ಷ ಆಗಿಲ್ಲ’ ಎನ್ನುತ್ತಾರೆ. ಹಳಬರು ‘ತೋಟದ ಜೊತೆಗೆ ಜವಾಬ್ದಾರಿಯೂ ಹೋಯಿತು’ ಎನ್ನುತ್ತಾರೆ. ತೋಟದವರು ಕೆಲಸಗಾರರಿಗೆ ಕೊಟ್ಟಿರುವ ಲೈನ್ ಮನೆ ಖಾಲಿ ಮಾಡಿದ ಮೇಲೆ ಮಾತಾಡೋಣ ಎಂದೂ ಹೇಳಿಸಿದ್ದಾರೆ. ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳ ಜನತಾ ದರ್ಶನದಲ್ಲಿಯೂ ಅರ್ಜಿ ಕೊಟ್ಟಾಯಿತು, ಉತ್ತರ ಬಂದಿಲ್ಲ. ಮುಂದೇನು ಮಾಡಬೇಕು?
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಇಬ್ಬರು ಮಾಲೀಕರ ನಡುವಿನ ತಕರಾರನ್ನು ಬಗೆಹರಿಸುವ ಹೊಣೆ ನಿಮ್ಮ ತಾಯಿಯವರದಲ್ಲ. ತೋಟ ಕೈ ಬದಲಾಯಿಸಿತೇ ಹೊರತು ಅವರ ಕೆಲಸ ಬದಲಾಗಲಿಲ್ಲ. ಮಾರಾಟದ ಸಮಯದಲ್ಲಿ ಅವರನ್ನು ಕೆಲಸದಿಂದ ಬಿಡಿಸಿ, ಪರಿಹಾರವನ್ನೂ ಅಲ್ಲಿಯವರೆಗಿನ ಗ್ರ್ಯಾಚುಟಿಯನ್ನೂ ಕೊಟ್ಟು ಲೆಕ್ಕ ಮುಗಿಸಿದ್ದರೆ ಮಾತು ಬೇರೆಯಾಗುತ್ತಿತ್ತು. ಹಾಗೆ ಮಾಡದೆ ಮರುದಿನವೂ ಅದೇ ತೋಟದ ಅದೇ ಕೆಲಸಕ್ಕೆ ಕರೆದ ಮೇಲೆ, ಅವರ ಸೇವೆಯನ್ನು 2003ರಿಂದಲೇ ಎಣಿಸಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ಮಾರಾಟದ ಕರಾರಿನಲ್ಲಿ ಯಾರು ಯಾವ ಬಾಕಿಯನ್ನು ಹೊರಬೇಕೆಂದು ಬರೆದುಕೊಂಡಿದ್ದಾರೋ ಅದು ಅವರಿಬ್ಬರ ವ್ಯವಹಾರ. ಆದ್ದರಿಂದ ಅರ್ಜಿಯಲ್ಲಿ ಒಬ್ಬರನ್ನು ಆರಿಸಿಕೊಳ್ಳಲು ಹೋಗದೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಕರೆಸಿದರೆ ಅವರು ಇಲ್ಲದವರ ಕಡೆಗೆ ಕೈ ತೋರಿಸುತ್ತಾರೆ, ವಿಚಾರಣೆ ಅಲ್ಲಿಯೇ ಕೂರುತ್ತದೆ.

ಇನ್ನು ಕಾನೂನಿನ ವಿಷಯ. 2025ರ ನವೆಂಬರ್ 21ರಿಂದ ಗ್ರ್ಯಾಚುಟಿಯನ್ನೂ ಒಳಗೊಂಡ ಹೊಸ ಕಾನೂನಾದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದರೂ, ನಿಮ್ಮ ತಾಯಿಯವರು ಕೆಲಸ ಬಿಟ್ಟದ್ದು ಅದಕ್ಕೂ ಮುಂಚೆಯಾದ್ದರಿಂದ ಅವರ ಹಕ್ಕು ಹುಟ್ಟಿದ್ದು 1972ರ ಗ್ರ್ಯಾಚುಟಿ ಪಾವತಿ ಕಾಯ್ದೆಯ ಕೆಳಗೆ. ಆ ಕಾಯ್ದೆ ತೋಟಗಳನ್ನು ಹೆಸರಿಸಿಯೇ ಒಳಗೊಂಡಿದೆ. ಐದು ವರ್ಷ ನಿರಂತರ ಸೇವೆ ಸಲ್ಲಿಸಿದವರಿಗೆ, ಅವರು ನಿವೃತ್ತರಾಗಿರಲಿ, ತಾವಾಗಿಯೇ ರಾಜೀನಾಮೆ ಕೊಟ್ಟಿರಲಿ, ಪ್ರತಿ ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಹಣ ಸಲ್ಲಬೇಕು. ಕೊನೆಯಲ್ಲಿ ಉಳಿಯುವ ಅವಧಿ ಆರು ತಿಂಗಳಿಗಿಂತ ಹೆಚ್ಚಿದ್ದರೆ ಅದನ್ನೂ ಪೂರ್ಣ ವರ್ಷವೆಂದೇ ಎಣಿಸಬೇಕು. ನಿಮ್ಮ ತಾಯಿಯವರದು ಇಪ್ಪತ್ತೊಂದು ವರ್ಷ ಎಂಟು ತಿಂಗಳ ಸೇವೆ, ಅಂದರೆ ಲೆಕ್ಕಕ್ಕೆ 22 ವರ್ಷ. ದಿನಕ್ಕೆ 460 ರೂಪಾಯಿಯಂತೆ ಹದಿನೈದು ದಿನಕ್ಕೆ 6,900, ಇಪ್ಪತ್ತೆರಡು ವರ್ಷಕ್ಕೆ 1,51,800 ರೂಪಾಯಿ. ಕೆಲಸ ಬಿಟ್ಟು ಮೂವತ್ತು ದಿನದೊಳಗೆ ಇದು ಕೈಸೇರದಿದ್ದರೆ, ಹಣ ಸಲ್ಲಬೇಕಾದ ದಿನದಿಂದಲೇ ವರ್ಷಕ್ಕೆ ಶೇ 10ರ ಸರಳ ಬಡ್ಡಿಯೂ ಸೇರುತ್ತದೆ. ಬಡ್ಡಿಯನ್ನು ಅರ್ಜಿಯಲ್ಲಿ ಪ್ರತ್ಯೇಕವಾಗಿ ಬರೆದು ಕೇಳಿ.

ಹೆಬ್ಬೆಟ್ಟು ಒತ್ತಿದ ಕಾಗದಕ್ಕೆ ನೀವು ಹೆದರಿದಷ್ಟು ಬಲವಿಲ್ಲ. ಕಾಯ್ದೆಗೆ ವಿರುದ್ಧವಾದ ಯಾವ ಕರಾರೂ ಅದರ 14ನೇ ಕಲಮಿನ ಮುಂದೆ ನಿಲ್ಲುವುದಿಲ್ಲ. ಆದರೆ ಪಡೆದ 20,000 ರೂಪಾಯಿಯನ್ನು ಮುಚ್ಚಿಡಬೇಡಿ. ಅದನ್ನು ನೀವೇ ಮೊದಲು ಹೇಳಿ, ಯಾವ ಬಾಬ್ತಿಗೆ ಕೊಟ್ಟರೆಂದು ಕಾಗದದಲ್ಲಿ ಬರೆದಿತ್ತೇ ಎಂದು ಎದುರುದಾರರನ್ನೇ ಕೇಳಿ. ಬೋನಸ್ಸಿಗೋ ರಜೆ ಸಂಬಳಕ್ಕೋ ಕೊಟ್ಟ ಹಣವನ್ನು ಗ್ರ್ಯಾಚುಟಿಯ ಲೆಕ್ಕಕ್ಕೆ ಹಾಕುವುದನ್ನು ನಾವು ಬಹಳ ಸಲ ನೋಡಿದ್ದೇವೆ.

ಲೈನ್ ಮನೆಯ ಪ್ರಶ್ನೆ ಸ್ವಲ್ಪ ಸೂಕ್ಷ್ಮ. ಗ್ರ್ಯಾಚುಟಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಕಾಯ್ದೆ ಒಪ್ಪುವ ಕಾರಣಗಳು ಕೆಲವೇ: ಮಾಲೀಕರ ಸ್ವತ್ತಿಗೆ ನಷ್ಟ ಮಾಡಿ ಕೆಲಸದಿಂದ ವಜಾ ಆಗಿರಬೇಕು, ಇಲ್ಲವೇ ಗಲಭೆ, ಹಿಂಸೆ, ನೈತಿಕ ಅಧಃಪತನದ ಅಪರಾಧ ಇಂಥವುಗಳಿಗಾಗಿ ವಜಾ ಆಗಿರಬೇಕು. ಮನೆ ಬಿಡದಿರುವುದು ಆ ಪಟ್ಟಿಯಲ್ಲಿಲ್ಲ. ಹಾಗಿದ್ದರೂ ವಸತಿ ಬಿಡದವರಿಂದ ಬಾಡಿಗೆಯನ್ನು ಮುರಿದುಕೊಳ್ಳುವ ವಿಷಯದಲ್ಲಿ ನ್ಯಾಯಾಲಯಗಳು ಎಲ್ಲ ಪ್ರಕರಣಗಳಲ್ಲಿಯೂ ಒಂದೇ ರೀತಿ ತೀರ್ಪು ಕೊಟ್ಟಿಲ್ಲವಾದ್ದರಿಂದ, ಬೇರೆ ಸೂರು ಸಿಗುವಂತಿದ್ದರೆ ಮನೆ ಬಿಟ್ಟು ಬೀಗದ ಕೈ ಒಪ್ಪಿಸಿದ್ದಕ್ಕೆ ರಸೀದಿ ಪಡೆಯುವುದು ನನ್ನ ಸಲಹೆ. ಎದುರು ಪಕ್ಷದ ಬಾಯಲ್ಲಿ ಉಳಿಯುವ ಒಂದು ನೆಪ ಅಲ್ಲಿಗೆ ಹೋಗುತ್ತದೆ.

ತಹಶೀಲ್ದಾರರಿಗೆ ಕೊಟ್ಟ ಅರ್ಜಿಯಿಂದ ನಷ್ಟವೇನೂ ಇಲ್ಲ, ಲಾಭವೂ ಕಡಿಮೆ. ಅಂಥ ಅರ್ಜಿಗಳು ಹೆಚ್ಚೆಂದರೆ ‘ಸೂಕ್ತ ಕ್ರಮಕ್ಕಾಗಿ’ ಎಂಬ ಒಕ್ಕಣೆಯೊಂದಿಗೆ ಕಾರ್ಮಿಕ ಇಲಾಖೆಗೆ ಹೋಗುತ್ತವೆ. ಕಾಯ್ದೆಯ ಪ್ರಕಾರ ಅವು ಅರ್ಜಿಗಳೇ ಅಲ್ಲ. ಮೊದಲು ಆಗಬೇಕಾದದ್ದು ನಮೂನೆ ‘ಐ’, ಅಂದರೆ ಮಾಲೀಕರಿಗೇ ಕೊಡುವ ಬೇಡಿಕೆ. ಇದನ್ನು ಕೆಲಸ ಬಿಟ್ಟ ಮೂವತ್ತು ದಿನದೊಳಗೆ ಕೊಡಬೇಕಾಗಿತ್ತಾದರೂ ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಅರ್ಜಿ ಬರಲಿ ಬಿಡಲಿ, ಲೆಕ್ಕ ಹಾಕಿ ತಿಳಿಸುವ ಕರ್ತವ್ಯ ಮಾಲೀಕರದೇ. ಇಬ್ಬರಿಗೂ ಒಂದೊಂದು ಪ್ರತಿ ಕಳುಹಿಸಿ. ರೈಟರ ಕೈಗೆ ಕೊಟ್ಟು ‘ಸಾಹುಕಾರರಿಗೆ ತಲುಪಿಸುತ್ತೇನೆ’ ಎಂಬ ಮಾತನ್ನು ನಂಬಿ ಬರಬೇಡಿ. ತಾರೀಕು ಸಹಿತ ಸಹಿ ಪಡೆಯಿರಿ, ಇಲ್ಲವಾದರೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಹಾಕಿ. ಕಾಗದ ತಲುಪಿದ ಹದಿನೈದು ದಿನದೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಅವರು ಲಿಖಿತವಾಗಿ ತಿಳಿಸಬೇಕು.

ನಿರಾಕರಿಸಿದರೆ, ಅಥವಾ ಸುಮ್ಮನಿದ್ದುಬಿಟ್ಟರೆ, ಆಗ ತೊಂಬತ್ತು ದಿನದೊಳಗೆ ನಮೂನೆ ‘ಎನ್’ನಲ್ಲಿ ನಿಯಂತ್ರಣ ಪ್ರಾಧಿಕಾರಿಯ ಮುಂದೆ ಅರ್ಜಿ ಸಲ್ಲಿಸಬೇಕು. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಸಹಾಯಕ ಕಾರ್ಮಿಕ ಆಯುಕ್ತರಿಗೆ ಈ ಅಧಿಕಾರವಿರುತ್ತದೆ. ತೋಟದ ಒಡೆತನ ಹೊರರಾಜ್ಯದಲ್ಲಿಯೂ ಶಾಖೆಗಳಿರುವ ಕಂಪನಿಯದಾಗಿದ್ದರೆ ಮಾತ್ರ ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿಗಳ ಬಳಿ ಹೋಗಬೇಕಾಗುತ್ತದೆ. ಚಿಕ್ಕಮಗಳೂರಿನ ಕಾರ್ಮಿಕ ಕಚೇರಿಯಲ್ಲಿ ಇದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ವಿಳಂಬವನ್ನು ಮನ್ನಿಸಬೇಕೆಂಬ ಕೋರಿಕೆಯನ್ನೂ ಅದರ ಜೊತೆಗೇ ಸೇರಿಸಿ, ಜನತಾ ದರ್ಶನದ ಅರ್ಜಿಯ ಪ್ರತಿಯನ್ನು ಅದಕ್ಕೆ ಲಗತ್ತಿಸಿ. ಸುಮ್ಮನೆ ಕುಳಿತಿರಲಿಲ್ಲವೆಂದು ತೋರಿಸಲು ಅದು ಒದಗುತ್ತದೆ.

ಇಂಥ ಪ್ರಕರಣಗಳು ಗೆಲ್ಲುವುದೂ ಸೋಲುವುದೂ ಸೇವೆಯ ಅವಧಿಯನ್ನು ರುಜುವಾತು ಮಾಡುವುದರ ಮೇಲೆ. ಹಳೆಯ ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಪುಸ್ತಕ, ಮಾಲೀಕರ ಬೀರುವಿನಲ್ಲಿರುತ್ತದೆ, ಕೆಲಸಗಾರರ ಬಳಿ ಇರುವುದಿಲ್ಲ. ಅದನ್ನು ಹಾಜರುಪಡಿಸುವಂತೆ ಆದೇಶಿಸುವ ಅಧಿಕಾರ ಪ್ರಾಧಿಕಾರಿಗೆ ಇದೆ. ನೀವು ಲಿಖಿತವಾಗಿ ಕೋರಬೇಕು. ಅದರೊಂದಿಗೆ ಪಿಎಫ್ ಪಾಸ್‌ಬುಕ್, ಸಂಬಳದ ಚೀಟಿಗಳು, ಬೋನಸ್ ಕೊಟ್ಟಾಗಿನ ರಸೀದಿ, ಲೈನ್ ಮನೆಯ ವಿಳಾಸವಿರುವ ಹಳೆಯ ಪಡಿತರ ಚೀಟಿ ಎಲ್ಲವನ್ನೂ ಹುಡುಕಿ. ಚೆಕ್‌ರೋಲಿನಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಪೂರ್ಣ ಹೆಸರು ಇರುವುದು ತೋಟಗಳಲ್ಲಿ ಸಾಮಾನ್ಯ. ಎರಡೂ ಒಬ್ಬರದೇ ಎಂದು ಪ್ರಮಾಣಪತ್ರ ಮಾಡಿಸಿಡಿ. ತಾಯಿಯವರನ್ನು ಪಾಟೀ ಸವಾಲಿಗೆ (ಎದುರು ಪಕ್ಷದ ಪ್ರಶ್ನೆಗಳಿಗೆ) ನಿಲ್ಲಿಸಿದಾಗ ಎದುರು ವಕೀಲರು ಸೇರಿದ ತಾರೀಕನ್ನೇ ಹಿಡಿದು ಕೇಳುತ್ತಾರೆ. ನೆನಪಿಲ್ಲದ ತಾರೀಕನ್ನು ಬಾಯಿಪಾಠ ಮಾಡಿಸಬೇಡಿ. ‘ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷದ ಮಳೆಗಾಲದಲ್ಲಿ’ ಎಂದು ಅವರು ತಮ್ಮ ಮಾತಿನಲ್ಲಿಯೇ ಹೇಳಲಿ, ನೀವು ಶಾಲೆಯ ದಾಖಲಾತಿ ಪ್ರತಿಯನ್ನು ಮುಂದಿಡಿ. ಜೊತೆಯಲ್ಲಿ ಕೆಲಸ ಮಾಡಿದವರ ಪೈಕಿ ಈಗ ಆ ತೋಟದ ಹಂಗಿನಲ್ಲಿಲ್ಲದ ಒಬ್ಬರು ಸಾಕ್ಷಿ ಹೇಳಿದರೆ ಇನ್ನೂ ಒಳ್ಳೆಯದು.

ವಕೀಲರ ಖರ್ಚಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಮೂಡಿಗೆರೆ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಆದೇಶ ನಿಮ್ಮ ಪರವಾಗಿ ಬಂದ ಮೇಲೆ ಮಾಲೀಕರು ಮೇಲ್ಮನವಿ ಸಲ್ಲಿಸಬಹುದು, ಆದರೆ ಅದಕ್ಕೆ ಮೊದಲು ಗ್ರ್ಯಾಚುಟಿಯಷ್ಟು ಹಣವನ್ನು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ವಸೂಲಿ ಪ್ರಮಾಣಪತ್ರಕ್ಕಾಗಿ ಅದೇ ಪ್ರಾಧಿಕಾರಿಗೆ ಅರ್ಜಿ ಕೊಡಿ. ಆ ಪ್ರಮಾಣಪತ್ರ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕಾಗುತ್ತದೆ. ತಹಶೀಲ್ದಾರರ ಕಚೇರಿಯ ಬಾಗಿಲು ತಟ್ಟುವ ಕಾಲ ಅದು, ಕೈಯಲ್ಲಿ ಪ್ರಮಾಣಪತ್ರದ ಸಂಖ್ಯೆ ಇಟ್ಟುಕೊಂಡು.

ಪಿಎಫ್ ಹಣ ಮತ್ತು ಪಿಂಚಣಿಯನ್ನು ಈ ಅರ್ಜಿಯೊಳಗೆ ಬೆರೆಸಬೇಡಿ. ಅವು ಭವಿಷ್ಯ ನಿಧಿ ಕಚೇರಿಗೆ ಸೇರಿದವು. ಹತ್ತು ವರ್ಷದ ಪಿಂಚಣಿ ಸೇವೆ ಪೂರೈಸಿ 58 ದಾಟಿದವರು ನಮೂನೆ 10-ಡಿ ಸಲ್ಲಿಸಬಹುದು. ಕೆಲಸ ಬಿಟ್ಟ ತಾರೀಕು ಅವರ ಖಾತೆಯಲ್ಲಿ ನಮೂದಾಗಿದೆಯೇ ಎಂದು ಮಾತ್ರ ಈಗಲೇ ನೋಡಿಕೊಳ್ಳಿ.